ಒಂದೇ ದಿನ ಹುಟ್ಟು, ಅದೇ ದಿನ ಸಾವು: ಮನೆತನದ ತಾರೀಖುಗಳನ್ನು ತಾಳೆ ನೋಡುವುದು ಹೇಗೆ?

"ಅಜ್ಜ ಹೋದ ದಿನವೇ ಮೊಮ್ಮಗ ಹುಟ್ಟಿದ." "ಅಮ್ಮನ ಮದುವೆ, ಅಕ್ಕನ ಮದುವೆ, ನನ್ನ ಮದುವೆ ಮೂರೂ ಒಂದೇ ದಿನ." ವಂಶವೃಕ್ಷ ಬರೆಯೋಕೆ ಕೂತವರು ನನಗೆ ಮತ್ತೆ ಮತ್ತೆ ಹೇಳುವ ಮಾತುಗಳಿವು. ಹೇಳಿದ ಮೇಲೆ ಎರಡು ಪ್ರಶ್ನೆ ಕೇಳುತ್ತಾರೆ. ಇದು ನಿಜವಾ ಅಂತ ಖಚಿತ ಮಾಡಿಕೊಳ್ಳೋದು ಹೇಗೆ? ನಿಜವಾದರೆ ಇದಕ್ಕೇನಾದರೂ ಅರ್ಥ ಇದೆಯಾ?

ಎರಡಕ್ಕೂ ಉತ್ತರ ಹುಡುಕುವ ದಾರಿ ಇಲ್ಲಿದೆ. ತಾಳೆ ನೋಡಿದಾಗ ಇಂಥ ಕೆಲವು ಮಾತುಗಳು ಕರಗಿಹೋಗುತ್ತವೆ, ಕೆಲವು ಗಟ್ಟಿಯಾಗಿ ಉಳಿಯುತ್ತವೆ. ಯಾರೂ ಗಮನಿಸದೇ ಇದ್ದ ಹೊಸದೊಂದು ಸಿಗುವುದೂ ಉಂಟು. ನಮ್ಮ ಮಲೆನಾಡಿನ ಮನೆಗಳಲ್ಲಿ ದಿನಕ್ಕೆ ಎರಡು ಲೆಕ್ಕ. ಅಜ್ಜಿಯ ನೆನಪಿನಲ್ಲಿರುವುದು ತಿಥಿ, ಕಚೇರಿಯ ಕಾಗದದಲ್ಲಿರುವುದು ತಾರೀಖು. ಒಂದರ ಜೊತೆ ಇನ್ನೊಂದನ್ನು ಹಾಗೇ ಹೋಲಿಸಿದರೆ ತಪ್ಪಾಗದೇ ಇರುವುದಿಲ್ಲ.

ಮೊದಲು ಬೇಕಾದದ್ದು

ಒಂದು ದಪ್ಪ ನೋಟ್‌ಪುಸ್ತಕ, ಪೆನ್ಸಿಲ್, ಹಳೆಯ ಪಂಚಾಂಗಗಳು. ಅಟ್ಟದ ಮೇಲೆ ಒಂಟಿಕೊಪ್ಪಲ್ ಪಂಚಾಂಗದ ಹಳೇ ಪ್ರತಿಗಳಿದ್ದರೆ ಅದೃಷ್ಟ. ಇಲ್ಲದಿದ್ದರೆ ಹಳೆಯ ವರ್ಷಗಳ ತಿಥಿ ತೋರಿಸುವ ದೃಕ್ ಪಂಚಾಂಗದಂಥ ಜಾಲತಾಣ ಸಾಕು. ಊರು ಅಂತ ಶಿವಮೊಗ್ಗವನ್ನೇ ಆರಿಸಿಕೊಳ್ಳಿ.

ಪುಸ್ತಕದಲ್ಲಿ ಹೀಗೆ ಅಂಕಣ ಎಳೆಯಿರಿ: ಹೆಸರು, ಘಟನೆ, ಯಾರು ಹೇಗೆ ಹೇಳಿದರು, ತಾರೀಖು, ವಾರ, ತಿಥಿ, ಹೊತ್ತು, ಊರು, ಆಧಾರ. "ಯಾರು ಹೇಗೆ ಹೇಳಿದರು" ಅನ್ನುವ ಅಂಕಣವನ್ನು ದಯವಿಟ್ಟು ಬಿಡಬೇಡಿ. ಕೊನೆಗೆ ಜಾಸ್ತಿ ಕೆಲಸಕ್ಕೆ ಬರುವುದು ಅದೇ.

ಹಂತ 1: "ಒಂದೇ ದಿನ" ಅಂದರೆ ಏನು ಅಂತ ಕೇಳಿ

ಹಿರಿಯರು "ಅದೇ ದಿನ" ಅಂದಾಗ ಅದು ಐದಾರು ಅರ್ಥ ಕೊಡಬಹುದು. ಅದೇ ತಾರೀಖು, ಅದೇ ತಿಥಿ, ಅದೇ ವಾರ, ಅದೇ ಹಬ್ಬ, ಅಥವಾ ಸುಮಾರು ಅದೇ ಹೊತ್ತು. ಅವರ ಮಾತನ್ನು ತಿದ್ದಬೇಡಿ, ಹೇಳಿದ ಹಾಗೇ ಬರೆದುಕೊಳ್ಳಿ. ಆಮೇಲೆ ಮೆಲ್ಲಗೆ ಕೇಳಿ: ಮಳೆ ಇತ್ತಾ? ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ನಡೀತಿತ್ತಾ? ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಮುಗಿದಿತ್ತಾ? ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವುದರಿಂದ "ಮಾರಿಜಾತ್ರೆ ವರ್ಷ" ಅನ್ನುವ ಒಂದೇ ಮಾತು ಎಷ್ಟೋ ವರ್ಷಗಳನ್ನು ಪಟ್ಟಿಯಿಂದ ತೆಗೆಯುತ್ತದೆ. "ಲಿಂಗನಮಕ್ಕಿ ನೀರು ಬಂದ ವರ್ಷ" ಅಂದರೆ 1964ರ ಆಸುಪಾಸು.

ಸೂತಕದ ನೆನಪು ಇನ್ನೂ ಬಲವಾದ ಸುಳಿವು. "ಸೂತಕದಲ್ಲೇ ಮಗು ಹುಟ್ಟಿತು, ಪುರುಡು ಸೂತಕ ಎರಡೂ ಕೂಡಿಕೊಂಡವು" ಅಂತ ಹೇಳಿದರೆ ಹತ್ತು ಹನ್ನೊಂದು ದಿನದ ಒಳಗೆ ಎರಡೂ ನಡೆದಿವೆ ಅಂತ ಅರ್ಥ. ಒಂದೇ ದಿನ ಅಂತಲ್ಲ. ನಮ್ಮ ಮನೆಯಲ್ಲೇ "ಮುತ್ತಜ್ಜ ಹೋದ ದಿನ ಹುಟ್ಟಿದವಳು" ಅಂತ ಕರೆಸಿಕೊಂಡ ಅತ್ತೆ ಹುಟ್ಟಿದ್ದು ಒಂಬತ್ತನೇ ದಿನ. ಯಾರೂ ಸುಳ್ಳು ಹೇಳಿರಲಿಲ್ಲ. ಅಷ್ಟು ದಿನವೂ ಮನೆಯವರಿಗೆ ಒಂದೇ ದಿನದ ಹಾಗೆ ಕಳೆದಿತ್ತು.

ಹಂತ 2: ಕಾಗದಗಳನ್ನು ಒಟ್ಟು ಮಾಡಿ

ಜಾತಕ, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಶಾಲೆಯ ಟಿ.ಸಿ., ಪುರೋಹಿತರ ಶ್ರಾದ್ಧದ ಪಟ್ಟಿ, ಹಳೇ ಫೋಟೋದ ಹಿಂದಿನ ಬರಹ, ದೇವರ ಕೋಣೆಯ ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿದ ಸಾಲು. ಮನೆಯಲ್ಲಿ ಇಷ್ಟು ಹುಡುಕಿ.

ಆಮೇಲೆ ಸರ್ಕಾರಿ ದಾಖಲೆ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದರ ನಂತರದ ಘಟನೆಗಳು ಸಿಗುವ ಸಾಧ್ಯತೆ ಹೆಚ್ಚು. ಅದಕ್ಕೂ ಹಿಂದಿನವು ಇದ್ದರೆ ಇವೆ, ಇಲ್ಲದಿದ್ದರೆ ಇಲ್ಲ. ಹಳ್ಳಿಯ ಹಳೇ ವಹಿಗಳಿಗೆ ತಾಲ್ಲೂಕು ಕಚೇರಿಯಲ್ಲಿ ಕೇಳಿ, ಪಟ್ಟಣದ್ದಕ್ಕೆ ಆಯಾ ನಗರಸಭೆ, ಪುರಸಭೆ ಅಥವಾ ಪಾಲಿಕೆಯಲ್ಲಿ. ಜನನ ಪ್ರಮಾಣಪತ್ರ ನಮೂನೆ 5ರಲ್ಲಿ, ಮರಣದ್ದು ನಮೂನೆ 6ರಲ್ಲಿ ಬರುತ್ತದೆ. ಹುಡುಕಿಯೂ ಸಿಗದಿದ್ದರೆ "ದಾಖಲೆ ಲಭ್ಯವಿಲ್ಲ" ಅನ್ನುವ ಪತ್ರ ಕೊಡುತ್ತಾರೆ, ಅದು ನಮೂನೆ 10. ಅದನ್ನೂ ಜೋಪಾನವಾಗಿಡಿ. ಇಲ್ಲಿ ಹುಡುಕಿ ಆಗಿದೆ ಅಂತ ಮುಂದಿನವರಿಗೆ ಗೊತ್ತಾಗುತ್ತದೆ.

ಕ್ರೈಸ್ತ ಮನೆತನಗಳಿಗೆ ಚರ್ಚಿನ ವಹಿ ಇದೆ. ಅದರಲ್ಲಿ ಜ್ಞಾನಸ್ನಾನದ ದಿನ ಬೇರೆ, ಹುಟ್ಟಿದ ದಿನ ಬೇರೆ. ಮುಸ್ಲಿಂ ಮನೆತನದವರು ಜಮಾತಿನಲ್ಲಿ ನಿಕಾಹ್ ದಾಖಲೆ ಕೇಳಬಹುದು.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಊರು. ಚೊಚ್ಚಲ ಹೆರಿಗೆ ತವರಿನಲ್ಲಿ ಅಲ್ವಾ? ಹಾಗಿರುವಾಗ ಅಪ್ಪನ ಊರಿನ ವಹಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕುವೆಂಪು ಅವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರು ಅಂತಲೇ ನಮಗೆಲ್ಲ ಗೊತ್ತು. ಆದರೆ ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಈಗ ಅದು ಬೇರೆ ಜಿಲ್ಲೆ. ಮುಳುಗಡೆಯಲ್ಲಿ ಊರು ಬಿಟ್ಟ ಮನೆತನಗಳಲ್ಲಿ ಅಣ್ಣನ ದಾಖಲೆ ಒಂದು ತಾಲ್ಲೂಕಿನಲ್ಲಿ, ತಮ್ಮನದು ಇನ್ನೊಂದರಲ್ಲಿ ಇರುವುದು ಮಾಮೂಲು.

ಎರಡು, ಕಾಗದದ ದಿನವನ್ನು ಘಟನೆಯ ದಿನ ಅಂದುಕೊಳ್ಳುವುದು. ಪ್ರಮಾಣಪತ್ರದಲ್ಲಿ ಮರಣದ ದಿನಾಂಕ, ನೋಂದಣಿಯ ದಿನಾಂಕ, ಪತ್ರ ಕೊಟ್ಟ ದಿನಾಂಕ ಅಂತ ಬೇರೆ ಬೇರೆ ಇರುತ್ತವೆ. ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಖಾತೆಯ ಆದೇಶ, ಸಾವಾಗಿ ಎಷ್ಟೋ ವರ್ಷದ ಮೇಲೂ ಆಗಿರಬಹುದು. ಮದುವೆ ನೋಂದಣಿಯೂ ಹಾಗೇ. ಕೈಬರಹವನ್ನೂ ನಿಧಾನವಾಗಿ ಓದಿ. ಹಳೇ ವಹಿಗಳಲ್ಲಿ ೬ ಮತ್ತು ೯, ೨ ಮತ್ತು ೩ ಒಂದರ ಹಾಗೆ ಇನ್ನೊಂದು ಕಾಣುತ್ತವೆ.

ಹಂತ 3: ತಿಥಿಯನ್ನು ತಾರೀಖಿಗೆ ತನ್ನಿ

ಇದಕ್ಕೆ ಸಮಯ ಕೊಡಿ. ಬಹಳಷ್ಟು ಜನ ಕೆಲಸ ಕೈಬಿಡುವುದು ಇಲ್ಲೇ.

ಜಾತಕದಲ್ಲಿ "ಕ್ರೋಧಿ ಸಂ॥ ಮಾಘ ಶು 5" ಅಂತ ಇದೆ ಅಂದುಕೊಳ್ಳಿ. ಸಂ॥ ಅಂದರೆ ಸಂವತ್ಸರ, 60 ವರ್ಷಕ್ಕೊಮ್ಮೆ ತಿರುಗಿ ಬರುವ ವರ್ಷದ ಹೆಸರು. ಶು ಅಂದರೆ ಶುದ್ಧ ಅಥವಾ ಶುಕ್ಲ ಪಕ್ಷ, ಅಮಾವಾಸ್ಯೆ ಕಳೆದ ಮೇಲಿನ ಹದಿನೈದು ದಿನ. ಬ ಅಂದರೆ ಬಹುಳ, ಹುಣ್ಣಿಮೆ ಕಳೆದ ಮೇಲಿನದು. "ಬ 30" ಅಂತ ಕಂಡರೆ ಅದು ಅಮಾವಾಸ್ಯೆ.

ಕ್ರೋಧಿ 1904ರಲ್ಲಿ ಶುರುವಾಗಿತ್ತು, 1964ರಲ್ಲಿ ಮತ್ತೆ ಬಂತು, 2024ರಲ್ಲಿ ಮತ್ತೆ. ಇವುಗಳಲ್ಲಿ ಯಾವುದು ಅಂತ ನೀವು ವಯಸ್ಸು ನೋಡಿ ತೀರ್ಮಾನಿಸಬೇಕು. 1964 ಅಂತಿಟ್ಟುಕೊಳ್ಳಿ. ಹಾಗಾದರೆ ಈ ಮಾಘ ಯಾವ ವರ್ಷದ್ದು? 1964 ಅಂತ ಬರೆದರೆ ತಪ್ಪು. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಕ್ರೋಧಿಯ ಮಾಘ ಬರುವುದು 1965ರಲ್ಲಿ. ಪುಷ್ಯದ ಕೊನೆ, ಮಾಘ, ಫಾಲ್ಗುಣ ಕಂಡಾಗಲೆಲ್ಲ ಒಂದು ವರ್ಷ ಮುಂದೆ ಹೋಗಬೇಕು. ನಾನು ನೋಡಿದ ವಂಶವೃಕ್ಷಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದೇ.

ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. ಕೆಲವರು ಮುಗಿದ ಶಕವರ್ಷ ಬರೆಯುತ್ತಾರೆ, ಕೆಲವರು ನಡೆಯುತ್ತಿರುವುದನ್ನು. ಹಾಗಾಗಿ ಒಂದು ವರ್ಷ ಆಚೀಚೆ ಆಗಬಹುದು. ಸಂವತ್ಸರದ ಹೆಸರು, ಶಕ ಎರಡೂ ಇದ್ದು ಹೊಂದದಿದ್ದರೆ ಹೆಸರನ್ನು ನಂಬಿ. ಅಂಕಿ ತಪ್ಪುವಷ್ಟು ಸುಲಭವಾಗಿ ಹೆಸರು ತಪ್ಪುವುದಿಲ್ಲ.

ಕೊನೆಗೆ ವಾರವನ್ನು ತಾಳೆ ನೋಡಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29, ಕ್ರೋಧಿ ಸಂವತ್ಸರದ ಮಾರ್ಗಶಿರ, ಗುರುವಾರ. ಹೀಗೆ ತಾರೀಖು, ತಿಂಗಳು, ವಾರ ಮೂರೂ ಒಂದಕ್ಕೊಂದು ಸಾಕ್ಷಿಯಾಗಿ ನಿಂತರೆ ಆ ದಿನವನ್ನು ನಂಬಬಹುದು. ವಾರ ಒಂದು ದಿನ ತಪ್ಪಿದರೆ ಗಾಬರಿ ಬೇಡ. ಪಂಚಾಂಗ ಪಂಚಾಂಗಕ್ಕೆ ಲೆಕ್ಕದ ಪದ್ಧತಿ ಬೇರೆ ಇದ್ದಾಗ ತಿಥಿ ಮುಗಿಯುವ ಹೊತ್ತು ಕೆಲವು ಗಂಟೆ ಬದಲಾಗುತ್ತದೆ. ನಾಲ್ಕು ದಿನ ತಪ್ಪಿದರೆ ಮಾತ್ರ ವರ್ಷವೇ ತಪ್ಪು ಅಂತ ತಿಳಿದು ಮತ್ತೆ ಮೊದಲಿನಿಂದ ನೋಡಿ.

ಜಾಲತಾಣ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಇದು ಅಮಾಂತ. ಉತ್ತರ ಭಾರತದ ಪದ್ಧತಿಯಲ್ಲಿ ಹುಣ್ಣಿಮೆಗೆ. ಅದನ್ನು ಪೂರ್ಣಿಮಾಂತ ಅನ್ನುತ್ತಾರೆ. ನಮಗೆ ಶ್ರಾವಣ ಬಹುಳ ಅಷ್ಟಮಿಯಾದ ಗೋಕುಲಾಷ್ಟಮಿ ಅವರಿಗೆ ಭಾದ್ರಪದದ್ದು. ಅಮಾಂತ ಅಂತ ಆರಿಸಿಕೊಳ್ಳದಿದ್ದರೆ ಬಹುಳದ ತಿಥಿಗಳೆಲ್ಲ ಒಂದು ತಿಂಗಳು ಆಚೀಚೆ ಆಗುತ್ತವೆ. ಅಧಿಕ ಮಾಸವನ್ನೂ ನೋಡಿ. 2023ರ ಹಾಗೆ ಕೆಲವು ವರ್ಷ ಶ್ರಾವಣ ಎರಡು ಬಾರಿ ಬರುತ್ತದೆ, ಒಂದು ಅಧಿಕ, ಒಂದು ನಿಜ. ಹಿಜರಿ ಲೆಕ್ಕ ಇಟ್ಟುಕೊಂಡ ಮನೆಗಳಲ್ಲಿ ವರ್ಷ ಸುಮಾರು 354 ದಿನ. ಹಾಗಾಗಿ ಅದೇ ಹಿಜರಿ ದಿನ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ.

ಬಹಳ ಮಂದಿಯನ್ನು ಬೆರಗುಗೊಳಿಸುವ ಒಂದು ಸಂಗತಿ ಇಲ್ಲಿದೆ. "ತಾರೀಖೂ ಒಂದೇ, ತಿಥಿಯೂ ಒಂದೇ" ಅಂತ ಯಾರಾದರೂ ಹೇಳಿದರೆ ಎರಡು ವರ್ಷಗಳ ನಡುವಿನ ಅಂತರ ಎಣಿಸಿ. 19 ಅಥವಾ 38 ಅಥವಾ 57 ಇದೆಯಾ? ಚಂದ್ರನ 235 ತಿಂಗಳು, ಸೂರ್ಯನ 19 ವರ್ಷ ಹೆಚ್ಚುಕಡಿಮೆ ಒಂದೇ ಉದ್ದ. ಹಾಗಾಗಿ ಪ್ರತಿ 19 ವರ್ಷಕ್ಕೆ ತಿಥಿ ಅದೇ ತಾರೀಖಿಗೆ ಅಥವಾ ಒಂದು ದಿನದ ಆಚೀಚೆಗೆ ಬಂದು ಕೂರುತ್ತದೆ. 2005ರ ಯುಗಾದಿ ಏಪ್ರಿಲ್ 9, 2024ರದ್ದೂ ಏಪ್ರಿಲ್ 9. 2006ರದ್ದು ಮಾರ್ಚ್ 30, 2025ರದ್ದೂ ಮಾರ್ಚ್ 30. ಅಜ್ಜ 2005ರಲ್ಲಿ ತೀರಿಕೊಂಡು ಮೊಮ್ಮಗಳು 2024ರಲ್ಲಿ ಅದೇ ತಾರೀಖಿಗೆ ಹುಟ್ಟಿದರೆ ತಿಥಿಯೂ ಒಂದಾಗುವುದು ಸಹಜ. ಅದನ್ನು ಎರಡು ಕಾಕತಾಳೀಯ ಅಂತ ಎಣಿಸಬೇಡಿ, ಒಂದೇ.

ಹಂತ 4: ರಾತ್ರಿ ನಡೆದದ್ದನ್ನು ಬೇರೆ ಇಡಿ

ತಾರೀಖು ಬದಲಾಗುವುದು ನಡುರಾತ್ರಿ. ನಮ್ಮ ಮನೆಗಳಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ಹಿಜರಿ ಲೆಕ್ಕದಲ್ಲಿ ಸೂರ್ಯ ಮುಳುಗಿದಾಗ. ರಾತ್ರಿ ಎರಡು ಗಂಟೆಗೆ ಹೋದವರನ್ನು ಮನೆಯವರು "ಸೋಮವಾರ ರಾತ್ರಿ" ಅನ್ನುತ್ತಾರೆ, ಆಸ್ಪತ್ರೆ ಮಂಗಳವಾರ ಅಂತ ಬರೆಯುತ್ತದೆ. ಎರಡೂ ಸರಿ.

ಜಾತಕದಲ್ಲಿ ಹೊತ್ತನ್ನು ಘಟಿಯಲ್ಲಿ ಕೊಟ್ಟಿರುತ್ತಾರೆ. ಒಂದು ಘಟಿಗೆ 24 ನಿಮಿಷ, ದಿನಕ್ಕೆ 60 ಘಟಿ. ಎಣಿಕೆ ಸೂರ್ಯೋದಯದಿಂದ. "ಉದಯಾದಿ 52 ಘಟಿ" ಅಂದರೆ ಸೂರ್ಯ ಹುಟ್ಟಿ 20 ಗಂಟೆ 48 ನಿಮಿಷ. ಬೆಳಿಗ್ಗೆ ಆರೂವರೆಗೆ ಸೂರ್ಯೋದಯ ಅಂತಿಟ್ಟುಕೊಂಡರೆ ಮಗು ಹುಟ್ಟಿದ್ದು ಮಾರನೇ ತಾರೀಖಿನ ಬೆಳಗಿನ ಜಾವ 3 ಗಂಟೆ 18 ನಿಮಿಷಕ್ಕೆ. ಜಾತಕದ ವಾರ ಹಿಂದಿನದ್ದೇ ಇರುತ್ತದೆ. ಸುಮಾರು 44 ಘಟಿಗಿಂತ ಹೆಚ್ಚು ಕಂಡರೆ ತಾರೀಖನ್ನು ಒಂದು ದಿನ ಮುಂದೆ ತಳ್ಳಬೇಕು ಅಂತ ನೆನಪಿಡಿ.

ಹಂತ 5: ಬರೆಸಿದ ತಾರೀಖುಗಳನ್ನು ಗುರುತಿಸಿ

ಪಟ್ಟಿಯಲ್ಲಿ ನಾಲ್ಕು ಜನ ಜೂನ್ 1ಕ್ಕೆ ಹುಟ್ಟಿದ್ದಾರಾ? ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಹೊಂದಲಿ ಅಂತ ಒಂದು ತಲೆಮಾರಿನ ಎಷ್ಟೋ ಮಕ್ಕಳಿಗೆ ಹಾಗೆ ಬರೆದರು. ಜನವರಿ 1ನ್ನೂ ಸಂಶಯದಿಂದಲೇ ನೋಡಿ. ಪಿಂಚಣಿ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಅದೇ ತಾರೀಖು ಇದೆ ಅನ್ನುವುದು ಹೆಚ್ಚಿನ ಪುರಾವೆ ಆಗುವುದಿಲ್ಲ. ಎಲ್ಲವೂ ಆ ಒಂದೇ ಟಿ.ಸಿ.ಯಿಂದ ಇಳಿದು ಬಂದವು.

ಸಾವಿನ ದಿನಕ್ಕೂ ಇಂಥದ್ದೊಂದಿದೆ. ತಿಥಿ ಗೊತ್ತಿಲ್ಲದವರ ಶ್ರಾದ್ಧವನ್ನು ಮಹಾಲಯ ಅಮಾವಾಸ್ಯೆಗೆ ಮಾಡುವ ರೂಢಿ. ಎಷ್ಟೋ ಮನೆಗಳಲ್ಲಿ ಎಲ್ಲ ಹಿರಿಯರಿಗೂ ಸೇರಿಸಿ ಒಂದೇ ದಿನ ಎಡೆ ಇಡುತ್ತಾರೆ. ಎರಡು ತಲೆಮಾರು ಕಳೆದ ಮೇಲೆ "ಮುತ್ತಜ್ಜ, ಮುತ್ತಜ್ಜಿ ಇಬ್ಬರೂ ಮಹಾಲಯ ಅಮಾವಾಸ್ಯೆಗೇ ಹೋದರು" ಅಂತ ಮಾತು ನಿಲ್ಲುತ್ತದೆ. ಏಕಾದಶಿಯ ಸಾವುಗಳನ್ನೂ ಹೀಗೇ ನೋಡಿ. ಅದು ಒಳ್ಳೆಯ ದಿನ ಅನ್ನುವ ನಂಬಿಕೆ ಇರುವುದರಿಂದ ದಶಮಿ, ದ್ವಾದಶಿಗಳು ನೆನಪಿನಲ್ಲಿ ಅತ್ತಲೇ ಜರಗುತ್ತವೆ.

ಹಂತ 6: ಕಾರಣ ಇದೆಯಾ ನೋಡಿ

ಉಳಿದ ದಿನಗಳಲ್ಲಿ ಮದುವೆಯವನ್ನು ಮೊದಲು ತೆಗೆದುಕೊಳ್ಳಿ. ಮದುವೆಯ ದಿನ ತಾನಾಗಿ ಬರುವುದಲ್ಲ, ಆರಿಸಿದ್ದು. ಆಷಾಢದಲ್ಲಿ ಇಲ್ಲ, ಪುಷ್ಯದಲ್ಲಿ ಇಲ್ಲ, ಮಳೆಗಾಲದಲ್ಲಿ ಮಲೆನಾಡಿನಲ್ಲಿ ಚಪ್ಪರ ಹಾಕುವುದೇ ಕಷ್ಟ. ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಮುಗಿದು ಕೈಗೆ ದುಡ್ಡು ಬಂದು ಮಕ್ಕಳಿಗೆ ರಜೆ ಸಿಗುವ ಏಪ್ರಿಲ್, ಮೇ ತಿಂಗಳ ಕೆಲವೇ ಮುಹೂರ್ತಗಳಿಗೆ ಮದುವೆಗಳು ಒತ್ತಿಕೊಂಡು ಬರುತ್ತವೆ. ಮೂರು ತಲೆಮಾರಿನ ಮದುವೆ ಮೇ ತಿಂಗಳ ಒಂದೇ ತಾರೀಖಿಗೆ ಬಿದ್ದರೆ ಆಶ್ಚರ್ಯ ಅರ್ಧಕ್ಕರ್ಧ ಕಡಿಮೆ. ಅಣ್ಣ ತಂಗಿಯ ಮದುವೆ ಒಂದೇ ದಿನ ಆಗಿದ್ದರೆ ಖರ್ಚು ಉಳಿಸಲು ಒಂದೇ ಚಪ್ಪರದಡಿ ಮಾಡಿದರಾ, ಅಥವಾ ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧವಾ ಅಂತ ಕೇಳಿ. ಸಾವಾದ ವರ್ಷದೊಳಗೇ ಮದುವೆ ಮಾಡಿ ಮುಗಿಸುವ ರೂಢಿಯೂ ಎಷ್ಟೋ ಮನೆಗಳಲ್ಲಿದೆ. ಹಾಗಾಗಿ ಅಜ್ಜನ ಸಾವು, ಅತ್ತೆಯ ಮದುವೆ ಒಂದೇ ವರ್ಷಕ್ಕೆ ಬರುತ್ತವೆ.

ಸಾವುಗಳು ಗುಂಪಾಗಿ ಬಂದಿದ್ದರೆ ಕಾಯಿಲೆ ನೆನಪಿಸಿಕೊಳ್ಳಿ. 1918ರ ಕೊನೆಯ ಇನ್‌ಫ್ಲುಯೆಂಜಾ ಒಂದೇ ಮನೆಯಲ್ಲಿ ಕೆಲವೇ ದಿನಗಳಲ್ಲಿ ಹಲವರನ್ನು ಒಯ್ದದ್ದುಂಟು. ಆ ವರ್ಷ ಕಾಳಯುಕ್ತಿ ಸಂವತ್ಸರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹೆಚ್ಚಾಗುವುದು ಡಿಸೆಂಬರಿನಿಂದ ಮೇ ವರೆಗೆ, ಕಾಡಿಗೆ ಸೊಪ್ಪು, ದರಗು, ಸೌದೆಗೆ ಹೋಗುವ ಕಾಲದಲ್ಲಿ. ಇತ್ತೀಚಿನ ಹುಟ್ಟುಗಳಲ್ಲಿ ಸಿಸೇರಿಯನ್‌ಗೆ ದಿನ ಆರಿಸುವುದೂ ಇದೆ. ಅಜ್ಜಿಯ ಹುಟ್ಟುಹಬ್ಬದ ದಿನವೇ ಮಗು ಬಂದದ್ದು ಮನೆಯವರ ಆಸೆಯಿಂದಲೇ ಇರಬಹುದು.

ಹಂತ 7: ಎಣಿಸಿ

ಈಗ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ ನೋಡಿ. 23 ಜನರಿದ್ದರೆ ಸಾಕು, ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಂಭವ ಶೇಕಡಾ 50 ದಾಟುತ್ತದೆ. 40 ಜನರಿದ್ದರೆ ಸುಮಾರು ಶೇಕಡಾ 89. ನಂಬೋಕೆ ಕಷ್ಟ, ಅಲ್ವಾ? ನಾವು ಜನರನ್ನು ಎಣಿಸುತ್ತೇವೆ, ಎಣಿಸಬೇಕಾದ್ದು ಜೋಡಿಗಳನ್ನು. 23 ಜನರಲ್ಲಿ 253 ಜೋಡಿ, 40 ಜನರಲ್ಲಿ 780 ಜೋಡಿ. 30 ಹುಟ್ಟು, 20 ಸಾವುಗಳ ಪಟ್ಟಿ ಇದ್ದರೆ 600 ಜೋಡಿ ಆಯಿತು. ಒಂದು ಹುಟ್ಟಾದರೂ ಒಂದು ಸಾವಿನ ತಾರೀಖಿಗೆ ಬೀಳುವ ಸಂಭವ ಸುಮಾರು ಶೇಕಡಾ 80. ತಿಂಗಳು ಬಿಟ್ಟು ಬರೀ ತಿಥಿ ನೋಡಿದರೆ ಆಯ್ಕೆ ಇರುವುದೇ 30. ಏಳು ಜನರಲ್ಲೇ ಇಬ್ಬರದು ಒಂದಾಗುವ ಸಂಭವ ಅರ್ಧಕ್ಕಿಂತ ಜಾಸ್ತಿ.

ಆದರೆ ಇಂಥವರೇ ಇಬ್ಬರು, ಇಂಥದೇ ಘಟನೆ ಅಂತ ಮೊದಲೇ ಹೇಳಿ ನೋಡಿದರೆ ಲೆಕ್ಕ ಬೇರೆ. ಅಜ್ಜ ತಾನು ಹುಟ್ಟಿದ ತಾರೀಖಿಗೇ ತೀರಿಕೊಳ್ಳುವ ಸಂಭವ 365ರಲ್ಲಿ ಒಂದು. ಅದು ನಿಜಕ್ಕೂ ಅಪರೂಪ. ಇಡೀ ಪಟ್ಟಿ ಜಾಲಾಡಿ ಸಿಕ್ಕಿದ ಹೊಂದಿಕೆಯನ್ನೂ ಮೊದಲೇ ಕೇಳಿಕೊಂಡು ನೋಡಿದ ಹೊಂದಿಕೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. "ಒಂದು ದಿನ ಆಚೀಚೆ ಇದ್ದರೂ ಪರವಾಗಿಲ್ಲ" ಅಂದ ಕೂಡಲೇ ಸಂಭವ ಮೂರು ಪಟ್ಟಾಗುತ್ತದೆ ಅನ್ನುವುದೂ ನೆನಪಿರಲಿ.

ಹಂತ 8: ಬರೆದಿಡುವಾಗ

ಪ್ರತಿ ಹೊಂದಿಕೆಯ ಮುಂದೆ ಒಂದು ಗುರುತು ಹಾಕಿ: ದಾಖಲೆಯಿಂದ ಖಚಿತ, ಲೆಕ್ಕದಿಂದ ಸರಿ, ಬಾಯಿಮಾತು. ಸುಳ್ಳಾದ ಮಾತನ್ನು ಅಳಿಸಬೇಡಿ. "ಮನೆಯವರು ಹೀಗೆ ಹೇಳುತ್ತಿದ್ದರು, ದಾಖಲೆ ಒಂಬತ್ತು ದಿನ ವ್ಯತ್ಯಾಸ ತೋರಿಸುತ್ತದೆ" ಅಂತ ಎರಡನ್ನೂ ಇಡಿ. ಆ ಮಾತೂ ಮನೆತನದ ಚರಿತ್ರೆಯೇ.

ಇನ್ನು ಅರ್ಥದ ಪ್ರಶ್ನೆ. ಅಜ್ಜನ ದಿನ ಹುಟ್ಟಿದ ಮಗುವಿಗೆ ಅಜ್ಜನ ಹೆಸರಿಟ್ಟು ಮುದ್ದು ಮಾಡುವ ಮನೆಗಳಿವೆ. ಅದರಲ್ಲಿ ಸಮಾಧಾನ ಇದ್ದರೆ ಇರಲಿ, ಲೆಕ್ಕ ತೋರಿಸಿ ಕೆಡಿಸಬೇಡಿ. ಆದರೆ ಇದೇ ಹೊಂದಿಕೆ ಹೆಣ್ಣುಮಕ್ಕಳ ಮೇಲೆ ಬಂದರೆ ಮಾತು ತಿರುಗುತ್ತದೆ. ಸೊಸೆ ಮನೆ ತುಂಬಿದ ವಾರವೇ ಮಾವ ಹೋದರೆ ಕಾಲ್ಗುಣ ಅನ್ನುತ್ತಾರೆ. ಸಾವಿನ ದಿನ ಹುಟ್ಟಿದ ಹುಡುಗಿ ವರ್ಷಗಟ್ಟಲೆ ಆ ಮಾತು ಕೇಳಿಕೊಂಡು ಬೆಳೆಯುತ್ತಾಳೆ. ಇಂಥದ್ದು ನಿಮ್ಮ ಪಟ್ಟಿಯಲ್ಲಿ ಸಿಕ್ಕರೆ ಹಂತ 3ರಿಂದ 7ರವರೆಗೆ ಇನ್ನಷ್ಟು ಶ್ರದ್ಧೆಯಿಂದ ಮಾಡಿ. ಮಾವನ ಕಾಯಿಲೆ ಯಾವಾಗ ಶುರುವಾಗಿತ್ತು ಅಂತ ಕೇಳಿ ಬರೆಯಿರಿ. ಆ ಹೆಂಗಸು ಬದುಕಿದ್ದರೆ ಅವರ ಪಕ್ಕ ಕೂತು ಆ ಪುಟ ಓದಿ ಹೇಳಿ. ಎಪ್ಪತ್ತು ದಾಟಿದವರೂ ಇದಕ್ಕಾಗಿ ಕಾಯುತ್ತಿರುತ್ತಾರೆ.

ಹೊಸ ಹುಟ್ಟು, ಮದುವೆ, ಸಾವುಗಳನ್ನು ಇವತ್ತಿನಿಂದಲೇ ತಾರೀಖು, ವಾರ, ತಿಥಿ, ಗಂಟೆ, ಊರು ಐದನ್ನೂ ಸೇರಿಸಿ ಬರೆಯಿರಿ. ಪುಸ್ತಕದ ಜೆರಾಕ್ಸ್ ಒಂದನ್ನು ಅಮ್ಮನ ತವರಿಗೆ ಕಳಿಸಿ. ನಿಮ್ಮ ಪಟ್ಟಿಯ ಖಾಲಿ ಅಂಕಣಗಳಲ್ಲಿ ಅರ್ಧದಷ್ಟು ತುಂಬುವುದು ಅಲ್ಲಿಂದಲೇ.